ಅವನ ಪಾಲಿನ ಉಸಿರು

ಹೋದ ತಿಂಗಳು ಮೊಮ್ಮಗಳನ್ನು ಕರೆತರಲು ಅವಳ ಶಾಲೆಗೆ ಹೋಗಿದ್ದೆ. ಶನಿವಾರ ಅವರಿಗೆ ಕರಾಟೆ ಇರುತ್ತದೆ. ಮೈದಾನದಲ್ಲಿ ಇಪ್ಪತ್ತು ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಮಾಸ್ತರು ಎಣಿಸಿದಂತೆ ಎಲ್ಲರೂ ಗಾಳಿಗೆ ಗುದ್ದುತ್ತಿದ್ದರು, ಗಾಳಿಯ ಏಟನ್ನು ತಡೆಯುತ್ತಿದ್ದರು, ತಿರುಗಿ ಮತ್ತೆ ಗಾಳಿಗೇ ಒದೆಯುತ್ತಿದ್ದರು. ಒಂದು ಕಡೆ ಎಲ್ಲರೂ ಕೈ ಚಾಚಿ ನಿಂತರೆ ನನ್ನ ಮೊಮ್ಮಗಳು ಮಾತ್ರ ಮುಂದೆ ಹೋಗಿಬಿಟ್ಟಳು.

"ಅಲ್ಲಿ ನಿಲ್ಲು! ಯಾಕೆ ಓಡ್ತೀಯ? ನಿನ್ನ ಬಸ್ಸು ಹೊರಟುಬಿಡ್ತಾ?" ಎಂದು ಮಾಸ್ತರು ಕೂಗಿದರು. ಮಕ್ಕಳೆಲ್ಲ ನಕ್ಕರು.

ಮನೆಗೆ ಬರುವ ದಾರಿಯಲ್ಲಿ ಅವಳು ಮುಖ ಊದಿಸಿಕೊಂಡಿದ್ದಳು. "ಅದು ಕಟಾ ಅಂತ ಅಜ್ಜ. ಎದುರಿಗೆ ಯಾರೋ ಇದ್ದಾರೆ ಅಂದ್ಕೊಂಡು ಒಬ್ರೇ ಮಾಡೋದು. ನಂಗೆ ಎಲ್ಲಾ ಬರುತ್ತೆ. ಮಧ್ಯದಲ್ಲಿ ಸುಮ್ನೆ ನಿಲ್ಲೋದು ಯಾಕೆ? ಟೈಮ್ ವೇಸ್ಟ್."

ನಾನು ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತುಬಿಟ್ಟೆ. "ಏನಾಯ್ತಜ್ಜ, ಸುಸ್ತಾಯ್ತಾ?" ಎಂದಳು. ಹೌದು ಅಂದೆ. ಸುಸ್ತಲ್ಲ. ಐವತ್ತು ವರ್ಷದ ಹಿಂದೆ ಇದೇ ಮಾತನ್ನು ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ನಾನು ಆಡಿದ್ದೆ. ನನ್ನ ಮಾತನ್ನು ಒಬ್ಬ ನಂಬಿದ್ದ.

ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಬಂದ ನನ್ನನ್ನು ಕುಟ್ಟಕ್ಕೆ ಮೇಷ್ಟ್ರಾಗಿ ಹಾಕಿದರು. ನಾನು ಸೋಮವಾರಪೇಟೆ ಕಡೆಯವನು. ಕೊಡಗಿನಲ್ಲೇ ಹುಟ್ಟಿ ಬೆಳೆದಿದ್ದರೂ ಅದರ ದಕ್ಷಿಣದ ಆ ತುದಿ ನನಗೆ ಪರದೇಶದ ಹಾಗಿತ್ತು. ಅರ್ಧ ಮೈಲಿ ನಡೆದರೆ ವಯನಾಡು. ಅಂಗಡಿಯಲ್ಲಿ ಒಂದು ಮಾತು ಮಲಯಾಳ, ಒಂದು ಕೊಡವ ತಕ್ಕು, ಬೆಲೆ ಕೇಳುವಾಗ ಕನ್ನಡ. ಮಳೆ ಶುರುವಾದ ಮೇಲೆ ಶಾಲೆಗೆ ಬರುವ ಮಕ್ಕಳು ಕಡಿಮೆಯಾದರು. ಸಂಜೆ ನಾಲ್ಕಕ್ಕೆ ಮಂಜು ಕವಿದು ಎದುರಿನ ಮರ ಕಾಣುತ್ತಿರಲಿಲ್ಲ. ಓದಲು ತಂದ ಪುಸ್ತಕಗಳಿಗೆ ಬೂಸಲು ಹಿಡಿಯಿತು.

ನನ್ನ ಪಕ್ಕದ ಕೋಣೆಯಲ್ಲಿ ಮಾದಪ್ಪ ಇದ್ದ. ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು. ನನ್ನದೇ ವಯಸ್ಸು, ನನಗಿಂತ ಒಂದು ಗೇಣು ಎತ್ತರ. ನಾನು ಮಾಂಸ ತಿನ್ನುವುದಿಲ್ಲ ಎನ್ನುವುದು ಅವನಿಗೆ ದಿನಾ ಹೊಸ ತಮಾಷೆ.

"ಬರೀ ಸೊಪ್ಪು ತಿಂದು ಈ ಮಳೆಗಾಲ ಕಳೀತೀರಾ ಮೇಷ್ಟ್ರೇ? ಆಗಸ್ಟಿಗೆ ನಿಮ್ಮ ಮೇಲೂ ಪಾಚಿ ಬರ್ತದೆ. ನನ್ನ ಜೊತೆ ಕಳರಿಗೆ ಬನ್ನಿ. ಮೈಗೆ ಸ್ವಲ್ಪ ಎಣ್ಣೆಯಾದ್ರೂ ಬೀಳ್ಲಿ."

ಚಂದು ಗುರುಕ್ಕಳರ ಕಳರಿ, ಅಂದರೆ ಮಲಯಾಳದವರ ಗರಡಿ, ವಯನಾಡಿನ ರಸ್ತೆಯ ಕೆಳಗಡೆ ಇಳಿಜಾರಿನಲ್ಲಿತ್ತು. ಸೊಂಟದಾಳ ನೆಲ ತೋಡಿ, ಮೇಲೆ ಹುಲ್ಲು ಹೊದಿಸಿದ ಒಂದು ಉದ್ದನೆಯ ಮಾಡು. ಒಳಗೆ ಇಳಿದರೆ ಮಳೆಯ ಸದ್ದು ಎಲ್ಲೋ ದೂರದಿಂದ ಬಂದ ಹಾಗೆ ಕೇಳುತ್ತಿತ್ತು. ಮಣ್ಣು, ಬೆವರು ಮತ್ತು ಗುರುಕ್ಕಳರು ತಾವೇ ಕಾಯಿಸುತ್ತಿದ್ದ ಎಣ್ಣೆಯ ವಾಸನೆ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಬೆಳಿಗ್ಗೆ ಹೊಡೆದಾಟ ಕಲಿಸುವುದು, ಮಧ್ಯಾಹ್ನ ಕೈಕಾಲು ಮುರಿದುಕೊಂಡು ಬಂದವರಿಗೆ ಮೂಳೆ ಕೂರಿಸುವುದು. ಎರಡನ್ನೂ ಅದೇ ನೆಲದ ಮೇಲೆ ಮಾಡುತ್ತಿದ್ದರು.

ಜೂನ್ ಪೂರ್ತಿ ನಮಗೆ ಬರೀ ಕಾಲೆತ್ತುವುದು, ಬಾಗುವುದು, ಕೂರುವುದು. ಜುಲೈನಲ್ಲಿ ಮೂರು ಗೇಣಿನ ಹುಣಸೆ ಕೋಲು ಕೈಗೆ ಬಂತು. ಅದರ ಜೊತೆ ಹನ್ನೆರಡು ಚಲನೆಗಳ ಒಂದು ವರಸೆ. ಒಬ್ಬನೇ ಮಾಡುವಂಥದ್ದು. ಮೊದಲನೆಯದು ಹಿಂದಕ್ಕೆ ಒಂದು ಹೆಜ್ಜೆ. ಎರಡನೆಯದು ತಲೆಯ ಮೇಲೆ ಬರುವ ಏಟನ್ನು ಕೋಲಿನಿಂದ ಹಿಡಿಯುವುದು. ಮೂರನೆಯದರಲ್ಲಿ ಆ ಕೈಯನ್ನು ಹೊರಕ್ಕೆ ತಳ್ಳಿ ಕೋಲಿನ ತುದಿಯನ್ನು ಎದುರಾಳಿಯ ಗಂಟಲಿಗೆ ಹಿಡಿಯುವುದು. ಗುರುಕ್ಕಳರು ಮಲಯಾಳದಲ್ಲಿ ಎಣಿಸುತ್ತಿದ್ದರು: ಒನ್ನ್, ರಂಡ್, ಮೂನ್ನ್. ಅಲ್ಲಿಗೆ ಬಂದ ಮೇಲೆ ನಾಲ್ಕು ಅನ್ನುತ್ತಿರಲಿಲ್ಲ. "ನಿಲ್ಲ್!" ಅನ್ನುತ್ತಿದ್ದರು. ಗಂಟಲು ಇರಬೇಕಾದ ಜಾಗಕ್ಕೆ ಕೋಲು ಹಿಡಿದು, ಕಣ್ಣು ಇರಬೇಕಾದ ಜಾಗ ನೋಡುತ್ತ, ಒಂದು ಪೂರ್ತಿ ಉಸಿರು ಒಳಗೆ, ಪೂರ್ತಿ ಹೊರಗೆ. ಆಮೇಲೆ ನಾಲ್ಕು. ನಾಲ್ಕೆಂದರೆ ಮಣಿಕಟ್ಟಿನ ಮೇಲೆ ಏಟು. ಅಲ್ಲಿಂದ ಮುಂದೆ ಹನ್ನೆರಡರವರೆಗೂ ಹೊಡೆತವೇ.

ಒಂದು ದಿನ ತಡೆಯಲಾರದೆ ಕೇಳಿದೆ. "ಗುರುಕ್ಕಳೇ, ಎದುರಿಗೆ ಯಾರೂ ಇಲ್ಲ. ಒಬ್ನೇ ಕುಣಿದ್ರೆ ಹೊಡೆದಾಟ ಹೆಂಗೆ ಬರುತ್ತೆ? ಮಾದಪ್ಪನ್ನ ಎದುರಿಗೆ ನಿಲ್ಲಿಸಿ."

"ಮಾದಪ್ಪ ಇದ್ರೆ ಮಾಷ್ ಮಾದಪ್ಪನ್ನ ನೋಡ್ತದೆ," ಎಂದರು. ಮಲಯಾಳದವರ ಬಾಯಲ್ಲಿ ನಾನು ಮೇಷ್ಟ್ರಲ್ಲ, ಮಾಷ್. "ಅವನ್ ಜಾರಿದ್ರೆ ನಗ್ತದೆ. ಹೊಡೆದ್ರೆ ಕೋಪ. ಯಾರೂ ಇಲ್ದಿದ್ರೆ ನಿನ್ನನ್ನೇ ನೋಡ್ಬೇಕ್."

"ಸರಿ. ಆದ್ರೆ ಈ ನಿಲ್ಲೋದು? ಮೂರಕ್ಕೆ ಸಿಕ್ಕಿದವನನ್ನ ಬಿಟ್ಟು ಉಸಿರು ಎಳ್ಕೊಂಡು ನಿಂತ್ರೆ ಅವನು ಸುಮ್ನೆ ಇರ್ತಾನಾ?"

ಗುರುಕ್ಕಳರು ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಒಂದು ಎರಡು ಮೂರು ನಿನ್ನದ್. ಆ ಉಸಿರ್ ಅವನದ್."

ಅಷ್ಟೇ. ಹೊರಗೆ ಬಂದ ಮೇಲೆ ಮಾದಪ್ಪ, "ತಿಳೀತಾ ಬಿ.ಎ.?" ಎಂದು ಕೇಳಿದ. "ಮುದುಕರಿಗೆ ಎಣಿಸೋವಾಗ ದಮ್ಮು ಕಟ್ಟುತ್ತೆ. ಅದಕ್ಕೆ ಮಧ್ಯ ಒಂದು ವಿಶ್ರಾಂತಿ" ಎಂದೆ. ಅವನು ದಾರಿಯುದ್ದಕ್ಕೂ ನಕ್ಕ. ನನಗೂ ನನ್ನ ಮಾತು ಬಹಳ ಜಾಣತನದ್ದೆಂದು ತೋರಿತು.

ಆಗಸ್ಟಿನಲ್ಲಿ ಗುರುಕ್ಕಳರು ಓಣಂಗೆಂದು ತಮ್ಮ ಊರಿಗೆ ಹೋದವರು ಒಂದು ತಿಂಗಳು ಬರಲಿಲ್ಲ. ಅದೇ ಹೊತ್ತಿಗೆ ಎಸ್ಟೇಟಿನ ದೊರೆ ಮಾದಪ್ಪನನ್ನು ಕರೆದು, ಕೈಲು ಮುಹೂರ್ತ ಆದ ಮೇಲೆ ತನ್ನ ಬಂಗಲೆಯಲ್ಲಿ ಸುತ್ತಲಿನ ಪ್ಲಾಂಟರುಗಳು ಸೇರುತ್ತಾರೆ, ನಿನ್ನ ಕೋಲಿನ ಆಟವನ್ನು ಅವರಿಗೆ ತೋರಿಸಬೇಕು ಎಂದನಂತೆ. ಕೈಲು ಮುಹೂರ್ತವೆಂದರೆ ಕೊಡವರು ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಮಾದಪ್ಪನಿಗೆ ಹೆದರಿಕೆಯೂ ಆಯಿತು, ಖುಷಿಯೂ ಆಯಿತು. ನೇರ ನನ್ನ ಹತ್ತಿರ ಬಂದ.

"ಕಾಲೇಜಿನಲ್ಲಿ ನಾಟಕ ಆಡಿಸ್ತಿದ್ದೆ ಅಂತ ಕೊಚ್ಚಿಕೊಳ್ತೀರಲ್ಲ ಮೇಷ್ಟ್ರೇ. ಈಗ ತೋರ್ಸಿ."

ಶಾಲೆ ಶುರುವಾಗುವ ಮೊದಲು ಬೆಂಚುಗಳನ್ನು ಬದಿಗೆ ಸರಿಸಿ ಅಭ್ಯಾಸ ಮಾಡಿಸಿದೆ. ಅವನ ಕೈ ಚುರುಕಾಗಿತ್ತು. ಆದರೆ ಮೂರಕ್ಕೆ ಬಂದು ಕೋಲು ಚಾಚಿ ನಿಂತಾಗ ಇಡೀ ಕೋಣೆ ಸತ್ತ ಹಾಗಾಗುತ್ತಿತ್ತು.

"ಇದನ್ನ ತೆಗೀಬೇಕು," ಎಂದೆ. "ವೇದಿಕೆ ಮೇಲೆ ಮಧ್ಯದಲ್ಲಿ ಸುಮ್ನೆ ನಿಂತ್ರೆ ನೋಡೋರು ಮಾತು ಮರ್ತ ಅಂದ್ಕೊಳ್ತಾರೆ. ಮೂರರಿಂದ ನಾಲ್ಕಕ್ಕೆ ನೀರು ಹರಿದಂಗೆ ಹೋಗ್ಬೇಕು."

"ಗುರುಕ್ಕಳ್ ಕೇಳಿದ್ರೆ?"

"ಅವರು ಬಂದ ಮೇಲೆ ಮತ್ತೆ ನಿಲ್ಲು. ಯಾರು ಬೇಡ ಅಂದ್ರು?"

ನಿಂತು ಅಭ್ಯಾಸವಾಗಿದ್ದ ಅವನ ಮೈ ಮೊದಲು ಒಪ್ಪಲಿಲ್ಲ. ನಾನು ಚಪ್ಪಾಳೆ ತಟ್ಟುತ್ತಿದ್ದೆ, ಅವನು ಮುಗ್ಗರಿಸುತ್ತಿದ್ದ. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ ಮಾಡಿಸಿದೆ. ಎರಡು ವಾರದಲ್ಲಿ ನಿಲುಗಡೆ ಮಾಯವಾಯಿತು. ಬಂಗಲೆಯ ಹುಲ್ಲಿನ ಮೇಲೆ ಅವನು ಹನ್ನೆರಡನ್ನೂ ಒಂದೇ ಓಟದಲ್ಲಿ ಮಾಡಿ ಮುಗಿಸಿದಾಗ ದೊರೆಗಳೂ ಅವರ ಹೆಂಡಿರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಬೇಲಿಯ ಆಚೆ ಆಳುಗಳ ಜೊತೆ ನಿಂತಿದ್ದ ನನಗೆ ಆ ಚಪ್ಪಾಳೆ ನನ್ನದೇ ಅನ್ನಿಸಿತು.

ಆ ವಾರ ಮಳೆ ಬಿಟ್ಟಿತ್ತು. ಕಾಫಿ ಗಿಡಗಳಿಗೆ ಗೊಬ್ಬರ ಹಾಕಲು ಅದೇ ಸಮಯ. ಕೆಲಸ ಮುಗಿಯುವವರೆಗೆ ಯಾರಿಗೂ ರಜೆ ಇಲ್ಲ ಎಂದು ದೊರೆಯ ಹುಕುಂ ಆಗಿತ್ತು. ಆಪೀಸಿನ ಜಗಲಿಯಲ್ಲಿ ನಾನು ಮಾದಪ್ಪನ ಜೊತೆ ಕಾಫಿ ಕುಡಿಯುತ್ತ ಕೂತಿದ್ದಾಗ ಚಾತು ಎನ್ನುವ ಆಳು ಬಂದ. ವಯನಾಡಿನವನು, ಹೆಂಡತಿಯ ಜೊತೆ ಎಸ್ಟೇಟಿನ ಆಳುಗಳ ಮನೆಸಾಲಿನಲ್ಲಿ, ಲೈನಿನಲ್ಲಿ ವಾಸ. ಮಾತು ಕಡಿಮೆ.

"ಅಮ್ಮನಿಗೆ ಸುಖ ಇಲ್ಲ ರೈಟ್ರೇ. ನಾಲ್ಕ್ ದಿವಸ ಹೋಗಿ ಬರ್ತೇನೆ."

"ದೊರೆ ಹೇಳಿದ್ದು ಕೇಳಿದ್ದೀಯಲ್ಲ ಮಾರಾಯ. ಗೊಬ್ಬರ ಮುಗೀಲಿ. ಇನ್ನೊಂದು ವಾರ."

"ಒಂದ್ ವಾರ ಅಮ್ಮ ನಿಲ್ಲಬೇಕಲ್ಲ ರೈಟ್ರೇ."

ಮಾದಪ್ಪ ಕೆಟ್ಟವನಲ್ಲ. ಸಂಜೆ ದೊರೆಯ ಹತ್ತಿರ ಇನ್ನೊಂದು ಸಲ ಕೇಳುತ್ತೇನೆ ಎಂದು ನನಗೆ ಹೇಳಿದ. ಸಂಜೆ ದೊರೆ ಶಿಕಾರಿಗೆ ಹೋಗಿದ್ದ. ಚಾತು ಎರಡು ದಿನ ನೋಡಿ, ಯಾರಿಗೂ ಹೇಳದೆ ನಡೆದುಕೊಂಡು ಊರಿಗೆ ಹೋದ.

ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹಲ್ಲುಜ್ಜುವಾಗ ನೋಡಿದ್ದೇನೆ, ಪಾಠ ಮಾಡುತ್ತ ಕರಿಹಲಗೆಯ ಕಡೆ ತಿರುಗಿದಾಗ ನೋಡಿದ್ದೇನೆ. ಶನಿವಾರ, ಶಾಲೆ ಅರ್ಧ ದಿನ. ಹನ್ನೆರಡರ ಬಿಸಿಲು, ಒದ್ದೆ ನೆಲದಿಂದ ಹಬೆ ಏಳುತ್ತಿತ್ತು. ಆಪೀಸಿನ ಮುಂದಿನ ಕಲ್ಲು ಚಪ್ಪಡಿಯ ಅಂಗಳದಲ್ಲಿ ಮಾದಪ್ಪ ಕೋಲು ಹಿಡಿದು, ಏಳನೆಯ ಚಲನೆಯಲ್ಲಿ ಮೊಣಕಾಲು ಇನ್ನಷ್ಟು ಬಗ್ಗಬೇಕೇ ಎಂದು ನನ್ನನ್ನು ಕೇಳುತ್ತಿದ್ದ. ಚಾತು ಲೈನಿನ ಕಡೆಯಿಂದ ಹತ್ತಿ ಬಂದ. ತಲೆ ಬೋಳಿಸಿತ್ತು. ಕೈಯಲ್ಲಿ ಕಾಡು ಸವರುವ ಕತ್ತಿ. ಎಸ್ಟೇಟಿನ ಎಲ್ಲ ಆಳುಗಳ ಕೈಯಲ್ಲೂ ಇರುವ ವಸ್ತುವಾದ್ದರಿಂದ ನಮಗೆ ಏನೂ ಅನ್ನಿಸಲಿಲ್ಲ.

"ರೈಟ್ರೇ, ಅಮ್ಮ ಹೋದಳ್," ಎಂದ. "ನಾನ್ ಹೋಗುವಾಗ ಮಣ್ಣ್ ಹಾಕಿ ಆಗಿತ್ತ್."

ಮಾದಪ್ಪ ಏನೋ ಹೇಳಲು ಬಾಯಿ ತೆರೆದ. ಕತ್ತಿ ಮೇಲೆದ್ದಿತು.

ಮಾದಪ್ಪನ ಎಡಗಾಲು ಹಿಂದಕ್ಕೆ ಹೋಯಿತು. ಕೋಲು ಮೇಲೆ ಹೋಗಿ ಕತ್ತಿಯ ಹಿಡಿಯ ಕೆಳಗೆ, ಚಾತುವಿನ ಮುಂಗೈಯನ್ನು ತಡೆಯಿತು. ಆ ಕೈ ಹೊರಕ್ಕೆ ಹೋಯಿತು. ಕೋಲಿನ ತುದಿ ಚಾತುವಿನ ಗಂಟಲಲ್ಲಿತ್ತು. ಆಗ ಚಾತುವಿನ ಮುಖ ನನಗೆ ಪೂರ್ತಿ ಕಾಣಿಸಿತು. ಕೋಪವೆಲ್ಲ ಎಲ್ಲೋ ಹೋಗಿತ್ತು. ನಿದ್ದೆಯಿಂದ ಎದ್ದವನು ತಾನು ಎಲ್ಲಿದ್ದೇನೆ ಎಂದು ನೋಡುತ್ತಾನಲ್ಲ, ಹಾಗಿತ್ತು. ಬೆರಳುಗಳು ಬಿಚ್ಚಿಕೊಂಡವು. ಚಪ್ಪಡಿಯ ಮೇಲೆ ಕತ್ತಿ ಬಿದ್ದ ಸದ್ದು, ಅದರ ಬೆನ್ನಿಗೇ ಇನ್ನೊಂದು ಸದ್ದು, ಒಣಕಡ್ಡಿ ಮುರಿದಂಥದ್ದು. ಮಾದಪ್ಪನ ಕೋಲು ನಾಲ್ಕನೆಯದನ್ನು ಮುಗಿಸಿ ಐದಕ್ಕೆ ಏಳುತ್ತಿತ್ತು. ನಾನು ಕಿರುಚಿದೆ. ಅವನು ನನ್ನನ್ನು ನೋಡಿದ, ಕೆಳಗೆ ಕೂತಿದ್ದ ಚಾತುವನ್ನು ನೋಡಿದ, ಕೈಯಲ್ಲಿದ್ದ ಕೋಲನ್ನು ಹಾವು ಬಿಟ್ಟ ಹಾಗೆ ಬಿಟ್ಟ.

"ನಾನು ಮಾಡಿದ್ದಲ್ಲ ಮೇಷ್ಟ್ರೇ," ಎಂದ. "ಅದೇ ಆಗಿಹೋಯ್ತು."

ಸುಳ್ಳಲ್ಲ. ಅವನು ಯೋಚಿಸಲೇ ಇಲ್ಲ. ಯೋಚಿಸಿದ್ದರೆ ಆ ಕತ್ತಿ ಅವನ ತಲೆ ಸೀಳುತ್ತಿತ್ತು. ಮೈಗೆ ಏನನ್ನು ಕಲಿಸಿತ್ತೋ ಅದು ಬಂತು, ಕಲಿಸಿದ ಕ್ರಮದಲ್ಲೇ ಬಂತು. ಮರೆಸಿದ್ದು ಬರಲಿಲ್ಲ.

ಗುರುಕ್ಕಳರು ಹಿಂದಿನ ದಿನವಷ್ಟೇ ಊರಿನಿಂದ ಬಂದಿದ್ದರು. ನೋವಿಗೆ ಎಚ್ಚರ ತಪ್ಪುತ್ತಿದ್ದ ಚಾತುವನ್ನು ಕಂಬಳಿಯಲ್ಲಿ ಹೊತ್ತು ಅವರ ಕಳರಿಗೇ ಒಯ್ದೆವು. ಅವರು ಮಣಿಕಟ್ಟನ್ನು ಮುಟ್ಟಿ ನೋಡಿದರು. ನನಗೆ ಮೊಣಕೈ ಗಟ್ಟಿಯಾಗಿ ಹಿಡಿದುಕೊಳ್ಳಲು ಹೇಳಿ ಮೂಳೆ ಎಳೆದು ಕೂರಿಸಿದರು. ಚಾತು ಕಿರುಚಲಿಲ್ಲ, "ಅಮ್ಮಾ" ಎಂದು ಒಂದು ಸಲ ಮೆಲ್ಲಗೆ ಅಂದ. ಬಿದಿರಿನ ಸೀಳು ಕಟ್ಟಿ, ಎಣ್ಣೆ ಹಾಕಿ ಮುಗಿದ ಮೇಲೆ ಗುರುಕ್ಕಳರು ಮಾದಪ್ಪನ ಕಡೆ ತಿರುಗಿದರು.

"ಮಾಡಿ ತೋರಿಸ್."

ಮಾದಪ್ಪ ಬರಿಗೈಯಲ್ಲೇ ಮಾಡಿದ. ಒಂದು, ಎರಡು, ಮೂರು, ನಾಲ್ಕು. ಈಗಲೂ ನಿಲ್ಲಲಿಲ್ಲ. ನಿಲ್ಲಲು ಆಗಲಿಲ್ಲ. ಅದು ಗೊತ್ತಾಗಿ ಅವನ ಮುಖ ಬೆಳ್ಳಗಾಯಿತು.

"ನಿಲ್ಲ್ ಎಲ್ಲಿ?"

ಅವನು ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ. "ನಾನು ತೆಗೆಸಿದ್ದು ಗುರುಕ್ಕಳೇ. ನೋಡೋರಿಗೆ ಚೆಂದ ಕಾಣ್ಲಿ ಅಂತ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಎಣ್ಣೆಯ ಬಟ್ಟಲನ್ನು ಎತ್ತಿಡುತ್ತ, "ಎದುರಿಗೆ ಇಲ್ಲದವನಿಗೆ ದಿವಸಾ ಆ ಉಸಿರ್ ಕೊಟ್ಟರೇ, ಇರುವವನಿಗೆ ಒಂದ್ ದಿವಸ ಕೊಡ್ಲಿಕ್ಕೆ ಬರ್ತದೆ ಮಾಷೇ," ಎಂದರು. "ಅದಕ್ಕೇ ಒಬ್ಬನೇ ಮಾಡುದ್."

ಕತ್ತಿ ಎತ್ತಿದ್ದು ಚಾತುವಾದರೂ, ಕೈ ಮುರಿದದ್ದು ಮಾದಪ್ಪ. ಇಬ್ಬರ ಮೇಲೂ ವಿಚಾರಣೆ ನಡೆಯಿತು. ಏಟು ಬಿದ್ದಾಗ ಕತ್ತಿ ಕೈಯಲ್ಲಿತ್ತೇ ಇಲ್ಲವೇ ಎನ್ನುವುದರ ಮೇಲೆ ಎಲ್ಲವೂ ನಿಂತಿತು. ಇದ್ದರೆ ಮಾದಪ್ಪ ತನ್ನ ಪ್ರಾಣ ಉಳಿಸಿಕೊಂಡವನು. ಇಲ್ಲದಿದ್ದರೆ ಬರಿಗೈಯವನ ಕೈ ಮುರಿದವನು, ಜೈಲು ಸೇರುವವನು. ಕಂಡವನು ನಾನೊಬ್ಬನೇ.

ನಾನು ಸಾಕ್ಷಿ ಹೇಳಬೇಕಾದ ಹಿಂದಿನ ಸಂಜೆ ಮಾದಪ್ಪ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತ. "ನನಗೆ ಏನೂ ನೆನಪಿಲ್ಲ ಮೇಷ್ಟ್ರೇ. ನೀವು ಕಂಡದ್ದು ಹೇಳಿ," ಎಂದ. ಆ ಉಸಿರನ್ನು ಕಿತ್ತವನು ನಾನು, ಜೈಲಿಗೆ ಹೋಗುವವನು ಅವನು. ಬೆಳಗಾಗುವ ಹೊತ್ತಿಗೆ ನನ್ನ ಬಿ.ಎ. ಬುದ್ಧಿ ಒಂದು ದಾರಿ ಹುಡುಕಿಕೊಟ್ಟಿತ್ತು. ಎರಡು ಸದ್ದುಗಳ ನಡುವೆ ಎಷ್ಟು ಅಂತರ? ಕಣ್ಣು ಮಿಟುಕಿಸುವಷ್ಟೂ ಇಲ್ಲ. ಯಾವುದು ಮೊದಲು ಎಂದು ಖಚಿತವಾಗಿ ಹೇಳಲು ಯಾರಿಂದ ಸಾಧ್ಯ?

ಮ್ಯಾಜಿಸ್ಟ್ರೇಟರು ಇಂಗ್ಲಿಷಿನಲ್ಲೇ ಕೇಳಿದರು, ನಾನು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಏಟು ಬೀಳುವಾಗ ಕತ್ತಿ ಅವನ ಕೈಯಲ್ಲಿತ್ತು ಎಂದೆ. ಅಲ್ಲಿ ನಿಂತಿದ್ದ ಚಾತುವಿಗೆ ಅದನ್ನು ಮಲಯಾಳದಲ್ಲಿ ತಿಳಿಸಿದರು. ಅವನು ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ. ಹೌದೇ, ಹಾಗಾಯಿತೇ ಎಂದು ಕೇಳುವ ಹಾಗಿತ್ತು. ಅವನಿಗೆ ಆರು ತಿಂಗಳಾಯಿತು. ಮಾದಪ್ಪನನ್ನು ಬಿಟ್ಟರು.

ಮಾದಪ್ಪ ಮತ್ತೆ ಕೋಲು ಮುಟ್ಟಲಿಲ್ಲ. ನನ್ನ ಜೊತೆ ಜಗಳವನ್ನೂ ಆಡಲಿಲ್ಲ. ನನ್ನ ಸೊಪ್ಪಿನ ಊಟದ ಬಗ್ಗೆ ತಮಾಷೆ ಮಾಡುವುದನ್ನು ನಿಲ್ಲಿಸಿದ. ಹುತ್ತರಿ ಹಬ್ಬ ಆಯಿತು, ಕಾಫಿ ಹಣ್ಣಿನ ಪಿಕಿಂಗ್ ಮುಗಿಯಿತು. ಮಾರ್ಚಿನಲ್ಲಿ ಒಂದು ಮಳೆ ಬಿದ್ದು ತೋಟವೆಲ್ಲ ಬಿಳಿ ಹೂವಾಗಿದ್ದ ವಾರ ಚಾತು ಬಿಡುಗಡೆಯಾಗಿ ಬಂದ. ನಾನು ವರ್ಗಾವಣೆಗೆ ಅರ್ಜಿ ಕೊಟ್ಟು, ಆರ್ಡರು ಕೈಗೆ ಬಂದು, ಪೆಟ್ಟಿಗೆ ಕಟ್ಟಿಟ್ಟಿದ್ದೆ. ಹೇಳದೆ ಹೋಗಬಹುದಿತ್ತು. ಬೆಳಿಗ್ಗೆ ಲೈನಿಗೆ ಹೋದೆ.

ಅವನು ಬಾಗಿಲ ಮುಂದೆ ಕುಳಿತು ಎಡಗೈಯಲ್ಲಿ ಸೌದೆ ಸೀಳಲು ಕಲಿಯುತ್ತಿದ್ದ. ಬಲಗೈ ತೊಡೆಯ ಮೇಲಿತ್ತು. ಮೂಳೆ ಕೂಡಿತ್ತು, ಬೆರಳುಗಳು ಅರ್ಧಕ್ಕೆ ಮಡಚಿ ನಿಂತಿದ್ದವು. ನನ್ನನ್ನು ಕಂಡು ಎದ್ದ.

"ಮಾಷ್ ಹೋಗ್ತದಂತೆ?"

"ಹೌದು ಚಾತು. ನಾಳೆ."

ಅವನು ಸೀಳಿದ ಸೌದೆಯನ್ನು ಕಾಲಿನಿಂದ ಬದಿಗೆ ಸರಿಸಿದ. ಆಮೇಲೆ ಅವನೇ ಕೇಳಿದ.

"ಮಾಷೇ, ಒಂದ್ ಕೇಳ್ಬೇಕ್. ಜೈಲಲ್ಲಿ ದಿವಸಾ ಆಲೋಚನೆ ಮಾಡಿದ್ದ್. ನಾನ್ ಕತ್ತಿ ಬಿಟ್ಟ ಹಾಗೆ ನನಗ್ ನೆನಪು. ಬಿಟ್ಟು ಮನೆಗೆ ಹೋಗುವ ಅಂತ ಆ ಹೊತ್ತಿಗೆ ಮನಸ್ಸ್ ಬಂದ ಹಾಗೆ. ಆದ್ರೆ ಇಲ್ಲ ಅಂತಾರಲ್ಲ ಎಲ್ಲರೂ. ಮಾಷೇ ಕಂಡದ್ದಂತೆ. ಹಾಗಾದ್ರೆ ನಾನ್ ಕೊಲ್ಲುವವನೇ ಆಗಿದ್ದೆನಾ?"

ಕೈ ಹೋಯಿತೆಂದು ಅವನು ಕೇಳುತ್ತಿರಲಿಲ್ಲ, ಆರು ತಿಂಗಳ ಬಗ್ಗೆಯೂ ಕೇಳುತ್ತಿರಲಿಲ್ಲ.

"ಬಿಟ್ಟಿದ್ದೆ," ಎಂದೆ. "ಕತ್ತಿ ಮೊದಲು ಬಿತ್ತು ಚಾತು. ಆಮೇಲೆ ಏಟು. ನಾನು ಕಣ್ಣಾರೆ ನೋಡಿದ್ದೇನೆ. ಕೋರ್ಟಿನಲ್ಲಿ ಸುಳ್ಳು ಹೇಳಿದೆ."

ಅವನು ಬಯ್ಯುತ್ತಾನೆ, ಉಗುಳುತ್ತಾನೆ, ಎಡಗೈಯ ಕತ್ತಿಯನ್ನು ಎತ್ತುತ್ತಾನೆ ಎಂದು ಕಾದೆ. ಅವನು ಕತ್ತಿಯನ್ನು ಸೌದೆಯ ಮೇಲೆ ಇಟ್ಟು ಒಳಗೆ ಮುಖ ಮಾಡಿ ಹೆಂಡತಿಯನ್ನು ಕರೆದ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ಕಂಡು ಅವಳ ಮುಖ ಬಿಗಿಯಿತು.

"ಇವಳ್ ನಂಬುದಿಲ್ಲ," ಎಂದ ಚಾತು. "ಇನ್ನೊಂದ್ ಸಲ ಹೇಳಿ ಮಾಷೇ. ಮೆಲ್ಲಗೆ ಹೇಳಿ, ಇವಳಿಗೆ ಕನ್ನಡ ಸರಿ ತಿಳಿಯುದಿಲ್ಲ."

ನಾನು ಉಸಿರು ಎಳೆದುಕೊಂಡು, ಅವಳ ಮುಖ ನೋಡುತ್ತ, ಮೊದಲಿನಿಂದ ಹೇಳಿದೆ.